ಗಂಗೆಗೆ ಬಿಟ್ಟ ಬಾತುಗಳು

ದಾನಯ್ಯನವರು ಈಗ ಕಾವಿ ಉಡುವುದಿಲ್ಲ. ಬಿಳಿ ಪಂಚೆ, ಬಿಳಿ ಅಂಗಿ, ಚಳಿಗೆ ಒಂದು ಬೂದು ಬಣ್ಣದ ಸ್ವೆಟರು. ಮೂವತ್ತು ವರ್ಷ ಕಾಶಿಯ ಗಲ್ಲಿಗಳಲ್ಲಿ ಕಾವಿ ಪಂಚೆ, ಕಾವಿ ಶಲ್ಯದಲ್ಲೇ ಓಡಾಡಿದ ಮನುಷ್ಯ ಹೋದ ವರ್ಷ ಮಾಘದಲ್ಲಿ ಇದ್ದಕ್ಕಿದ್ದಂತೆ ಬಣ್ಣ ಬಿಟ್ಟಿದ್ದಕ್ಕೆ ಮಠದಲ್ಲಿ ಒಬ್ಬೊಬ್ಬರದು ಒಂದೊಂದು ವ್ಯಾಖ್ಯಾನ. ಅಡುಗೆಮನೆಯವರು ಏನೋ ವ್ರತ ಅಂದರು. ಕಚೇರಿ ನೋಡಿಕೊಳ್ಳುವ ಶಿವಮೂರ್ತಯ್ಯನವರು ವೈರಾಗ್ಯ ಅಂದರು. ಕಾವಿ ಬಿಟ್ಟು ಬಿಳಿ ಉಡುವುದು ಯಾವ ಸೀಮೆಯ ವೈರಾಗ್ಯವೋ ನನಗಂತೂ ತಿಳಿಯಲಿಲ್ಲ. ನಿಜವಾದ ಕಾರಣ ತಿಳಿದು ನಂಬಿದವರು ಮೂವರೇ. ಒಬ್ಬರು ಸ್ವತಃ ಅವರು. ಇನ್ನೊಬ್ಬಳು ಸಾರನಾಥದಲ್ಲಿದ್ದಾಳೆ, ಅವಳು ಯಾರಿಗೂ ಹೇಳುವವಳಲ್ಲ. ಉಳಿದವಳು ನಾನು, ಆದ್ದರಿಂದ ನಾನೇ ಹೇಳಬೇಕು.

ನನ್ನ ಹೆಸರು ಸತ್ಯಭಾಮಾ. ರೈಲ್ವೆಯ ಬುಕಿಂಗ್ ಆಫೀಸಿನಲ್ಲಿ ಕೆಲಸ. ಹುಬ್ಬಳ್ಳಿಯಿಂದ ಇಲ್ಲಿಗೆ ವರ್ಗವಾಗಿ ಬಂದು ಆರು ವರ್ಷವಾಯಿತು. ದಿನವೆಲ್ಲ ಕಿಟಕಿಯ ಆಚೆಯವರ ಜೊತೆ ಹಿಂದಿಯಲ್ಲಿ ಜಗಳ. ಮನೆಗೆ ಬಂದರೆ ಮಗಳು ಮಾಲವಿಕಾ ಕೂಡ ಹಿಂದಿಯಲ್ಲೇ ಎದುರುತ್ತರ ಕೊಡಲು ಕಲಿತಿದ್ದಳು. ಕನ್ನಡ ಕಿವಿಗೆ ಬೀಳಲಿ ಎಂದು ನಾನು ಸೋಮವಾರ ಸೋಮವಾರ ನಮ್ಮ ಕಡೆಯವರ ಮಠಕ್ಕೆ ಹೋಗುವುದು ರೂಢಿಯಾಯಿತು. ದೇವರ ನೆಪ, ಜೋಳದ ರೊಟ್ಟಿಯ ಆಸೆ. ಅಲ್ಲಿ ಪರಿಚಯವಾದವರು ದಾನಯ್ಯನವರು.

ಆಳಂದದ ಕಡೆಯ ಜಂಗಮರ ಮನೆತನ. ಇಪ್ಪತ್ತೆರಡರ ಹರೆಯದಲ್ಲಿ ಸೋದರತ್ತೆಯನ್ನು ಯಾತ್ರೆಗೆ ಕರೆತಂದರಂತೆ. ಅತ್ತೆ ಇಲ್ಲೇ ತೀರಿಕೊಂಡಳು. ನಮ್ಮಲ್ಲಿ ಹೆಣ ಸುಡುವ ಪದ್ಧತಿಯಿಲ್ಲ. ಸುಡುವುದಕ್ಕೇ ಹೆಸರಾದ ಊರಲ್ಲಿ ಅವಳನ್ನು ಕೂರಿಸಿ ಮಣ್ಣು ಕೊಡಲು ಆ ಹುಡುಗ ಪಟ್ಟ ಪಾಡು ಅಷ್ಟಿಷ್ಟಲ್ಲ. ಆಮೇಲೆ ಊರಿಗೆ ಹೋಗಲು ಮನಸ್ಸಾಗದೆ ಮಠದಲ್ಲೇ ಉಳಿದರು. ಕರ್ನಾಟಕದಿಂದ ಬಂದ ಯಾತ್ರಿಕರನ್ನು ಸ್ಟೇಷನ್ನಿನಿಂದ ಕರೆತರುವುದು, ದೋಣಿಯಲ್ಲಿ ಸುತ್ತಿಸುವುದು, ವಿಶ್ವನಾಥ ಗಲ್ಲಿಯಲ್ಲಿ ಚಪ್ಪಲಿ ಕಳೆದುಕೊಂಡವರಿಗೆ ಚಪ್ಪಲಿ ಹುಡುಕಿಕೊಡುವುದು, ಹೆಂಡತಿಯನ್ನೇ ಕಳೆದುಕೊಂಡವರಿಗೆ ಹೆಂಡತಿಯನ್ನು ಹುಡುಕಿಕೊಡುವುದು, ಇದು ಅವರ ಕೆಲಸ. ಯಾರಾದರೂ ತೀರಿಕೊಂಡರೆ ಕೊನೆಯ ವಿಧಿಗೂ ಅವರೇ. ಹೆಣದ ಮುಂದೆ ಅವರಷ್ಟು ಮೆತ್ತಗೆ ನಡೆದುಕೊಳ್ಳುವವರನ್ನು ನಾನು ನೋಡಿಲ್ಲ.

ಚಳಿಗಾಲ ಬಂತೆಂದರೆ ಅವರಿಗೆ ಇನ್ನೊಂದು ಸಂಭ್ರಮ. ನವೆಂಬರಿನಿಂದ ಗಂಗೆಯ ಮೇಲೆ ಸೈಬೀರಿಯಾ ಹಕ್ಕಿಗಳು ಬಂದು ಇಳಿಯುತ್ತವೆ. ಬಿಳಿ ಮೈ, ಕೆಂಪು ಕಾಲು, ಸದಾ ಹಸಿವು. ದೋಣಿಯಲ್ಲಿ ನಿಂತು 'ಆವ್ ಆವ್ ಆವ್' ಎಂದು ಕೂಗಿ ಸೇವು ಎಸೆದರೆ ಮುತ್ತಿಕೊಳ್ಳುತ್ತವೆ. ಎಲ್ಲ ದೋಣಿಯವರೂ ಕೂಗುತ್ತಾರೆ, ಆದರೆ ದಾನಯ್ಯನವರ ದನಿಗೆ ಆಚೆ ದಡದಿಂದಲೂ ಎದ್ದು ಬರುತ್ತಿದ್ದವು. ನಮ್ಮ ಕಡೆಯ ಹೆಂಗಸರು ಇಷ್ಟು ದೂರ ಬಂದು ವಿಶ್ವನಾಥನ ಮುಂದೆಯೂ ಅಷ್ಟು ನಗುತ್ತಿರಲಿಲ್ಲ, ಆ ಹಕ್ಕಿಗಳ ಮುಂದೆ ನಗುತ್ತಿದ್ದರು.

ಸೇವು ಕೊಳ್ಳುವುದು ಮಾತ್ರ ಕಾಶಮ್ಮನ ಹತ್ತಿರ. ಅವಳು ಬಸವಕಲ್ಯಾಣದ ಕಡೆಯ ವಿಧವೆ. ಗಂಡ ತೀರಿದ ಮೇಲೆ ಯಾತ್ರಿಕರ ಗುಂಪಿನಲ್ಲಿ ಬಂದವಳು ವಾಪಸು ಹೋಗಲಿಲ್ಲ. "ಹೆಸರಿನ್ಯಾಗ ಕಾಶಿ ಇಟ್ಕೊಂಡು ಇನ್ನ ಎಲ್ಲಿಗಿ ಹೋಗಲಿ" ಅನ್ನುತ್ತಿದ್ದಳು. ಘಾಟಿನ ಮೆಟ್ಟಿಲ ಮೇಲೆ ನೀಲಿ ತಾಡಪಾಲು ಹಾಸಿ, ಬೆತ್ತದ ಬುಟ್ಟಿಯಲ್ಲಿ ಸೇವು, ಚುರುಮುರಿ ಇಟ್ಟುಕೊಂಡು ಇಪ್ಪತ್ತು ವರ್ಷದಿಂದ ಕೂತವಳು. ಕನ್ನಡದ ಸೀರೆ ಕಂಡ ಕೂಡಲೇ "ಬರ್ರಿ ಯವ್ವಾ, ಹಕ್ಕಿಗಿ ಸೇವು ಹಾಕ್ರಿ" ಎಂದು ಕೂಗಿದರೆ, ಹಿಂದಿ ಕೇಳಿ ಕೇಳಿ ದಣಿದ ನಮ್ಮ ಜನ ತವರು ಕಂಡಂತೆ ಓಡುತ್ತಿದ್ದರು. ಬುಟ್ಟಿಯ ಮುಚ್ಚಳ ತೆಗೆಯುವ ಮುಂಚೆ ದಾನಯ್ಯನವರ ಕಾಲು ಮುಟ್ಟುವಳು. ಅವರು ಹಣೆಗೆ ವಿಭೂತಿ ಹಚ್ಚುವರು. ಜಂಗಮರೆಂದರೆ ಅವಳಿಗೆ ನಡೆದಾಡುವ ಶಿವನೇ. "ಅಯ್ನೋರು ಸುಳ್ಳು ಹೇಳಿದ್ರ ಅದ ಖರೆ ಆಗ್ತದ ತಂಗಿ" ಎಂದು ಒಮ್ಮೆ ನನಗೆ ಹೇಳಿದ್ದಳು. ನಾನು ನಕ್ಕಿದ್ದೆ.

ದಾನಯ್ಯನವರು ಯಾವಾಗಲೂ ಹತ್ತುತ್ತಿದ್ದ ದೋಣಿ ಕೈಲಾಸನದು. ಅವನು ಇಲ್ಲಿಯ ಅಂಬಿಗರವನು, ಮನೆ ಆಚೆ ರಾಮನಗರದ ಕಡೆ, ನದಿಯ ಅಂಚಿಗೆ. ಮೊಟ್ಟೆಗಾಗಿ ಇಪ್ಪತ್ತೇಳು ಬಾತುಕೋಳಿ ಸಾಕಿದ್ದ. ಹೋದ ವರ್ಷ ಜನವರಿಯಲ್ಲಿ ಒಂದು ಬೆಳಿಗ್ಗೆ ಆ ಬಾತುಗಳಲ್ಲಿ ಹನ್ನೊಂದು ಸತ್ತು ಬಿದ್ದಿದ್ದವು. ಹಿಂದಿನ ಸಂಜೆ ಕಾಳು ತಿಂದವು, ಬೆಳಗಾಗುವಷ್ಟರಲ್ಲಿ ಕೊಕ್ಕಿನಿಂದ ಲೋಳೆ ಸುರಿಸಿಕೊಂಡು ಕತ್ತು ಹಿಂದಕ್ಕೆ ಸೆಟೆದುಕೊಂಡಿದ್ದವು. ಮರುದಿನ ಮತ್ತೆ ಒಂಬತ್ತು. ಉಳಿದದ್ದು ಏಳು.

ಕೈಲಾಸ ಸರ್ಕಾರದ ಪಶು ಡಾಕ್ಟರಿಗೆ ಫೋನು ಮಾಡಲಿಲ್ಲ. ಅವರು ಬಂದರೆ ಉಳಿದ ಏಳನ್ನೂ ಒಯ್ಯುತ್ತಾರೆಂಬ ಭಯ. ಹೂಳೋಣವೆಂದರೆ ಮರಳನ್ನು ನಾಯಿಗಳು ಕೆದರುತ್ತವೆ. ಏನು ಮಾಡಲಿ ಮಹಾರಾಜ್ ಎಂದು ದಾನಯ್ಯನವರನ್ನು ಕೇಳಿದ. ಸತ್ತವರಿಗೆ ಏನು ಮಾಡಬೇಕೆಂದು ಆ ಘಾಟಿನಲ್ಲಿ ಎಲ್ಲರೂ ಕೇಳುತ್ತಿದ್ದದ್ದು ಅವರನ್ನೇ.

ಕಾಶಿಯಲ್ಲಿ ಎಲ್ಲರನ್ನೂ ಸುಡುವುದಿಲ್ಲ ಎಂಬುದು ಹೊರಗಿನವರಿಗೆ ಗೊತ್ತಿರುವುದಿಲ್ಲ. ಸಂನ್ಯಾಸಿಗಳನ್ನು, ಹಾಲುಗೂಸುಗಳನ್ನು ಕಲ್ಲು ಕಟ್ಟಿ ನಡುನೀರಿಗೆ ಬಿಡುವ ರೂಢಿ ಇದೆ. ಪಾಪದ ಲೆಕ್ಕ ಇಲ್ಲದವರಿಗೆ ಬೆಂಕಿ ಬೇಕಿಲ್ಲ, ಗಂಗೆಯ ಮಡಿಲೇ ಸಾಕು ಎಂಬ ನಂಬಿಕೆ. ದಾನಯ್ಯನವರು ಆಮೇಲೆ ಮಠದ ಅಂಗಳದಲ್ಲಿ ಕೂತು ಇದನ್ನೆಲ್ಲ ನನಗೆ ಹೇಳಿದಾಗ ಅಂದ ಮಾತು ಹಾಗೇ ನೆನಪಿದೆ.

"ಬಾಯಿ ಇಲ್ಲದ ಜೀವ ತಂಗಿ. ಅದಕ್ಕ ಪಾಪ ಎಲ್ಲಿದು, ಪುಣ್ಯ ಎಲ್ಲಿದು? ಕೂಸಿದ್ದಂಗ. ಕೂಸಿಗಿ ಏನ್ ಮಾಡ್ತೀವಿ, ಅದನ್ನೇ ಮಾಡೋಣು ಅಂದೆ."

ಬೇರೆ ಯಾರಾದರೂ ಆಗಿದ್ದರೆ ಗೋಣಿಚೀಲದಲ್ಲಿ ತುಂಬಿ ಎಲ್ಲೋ ಎಸೆಯುತ್ತಿದ್ದರು, ಇಷ್ಟು ಅನಾಹುತ ಆಗುತ್ತಿರಲಿಲ್ಲವೋ ಏನೋ. ಇವರು ಮಠದ ಹಳೆಯ ಕಾವಿ ಪಂಚೆಗಳನ್ನು ಹರಿದು ತುಂಡು ಮಾಡಿದರು. ಇಪ್ಪತ್ತು ಬಾತುಗಳನ್ನೂ ಒಂದೊಂದಾಗಿ ತೊಳೆದು, ತಲೆಗೆ ವಿಭೂತಿ ಹಚ್ಚಿ, ಕಾವಿಯಲ್ಲಿ ಸುತ್ತಿ, ಸುತಳಿಯಿಂದ ಕಲ್ಲು ಕಟ್ಟಿದರು. ಮಂಜು ಕವಿದ ಬೆಳಿಗ್ಗೆ ಕೈಲಾಸ ದೋಣಿ ನಡೆಸಿದ. ದಾನಯ್ಯನವರು ಪಂಚಾಕ್ಷರಿ ಹೇಳುತ್ತ ಇಪ್ಪತ್ತನ್ನೂ ನಡುಗಂಗೆಗೆ ಬಿಟ್ಟರು. ದಡಕ್ಕೆ ಬಂದು ಸ್ನಾನ ಮಾಡಿದರು. ಮನಸ್ಸು ಹಗುರವಾಗಿತ್ತಂತೆ.

ಐದಾರು ದಿನ ಕಳೆದವು. ಒಂದು ಬೆಳಿಗ್ಗೆ ಯಾತ್ರಿಕರ ದೋಣಿಯ ಮುಂದೆ ಒಂದು ಸೈಬೀರಿಯಾ ಹಕ್ಕಿ ನೀರಿನ ಮೇಲೆ ಗಿರಗಿರನೆ ಸುತ್ತುತ್ತಿತ್ತು. ಸೇವು ಎಸೆದರೆ ನೋಡಲಿಲ್ಲ. ಸುತ್ತಿ ಸುತ್ತಿ ಕತ್ತು ಹಿಂದಕ್ಕೆ ಚೆಲ್ಲಿ ನಿಂತುಬಿಟ್ಟಿತು. ಮಕ್ಕಳು ಅದು ಆಟವಾಡುತ್ತಿದೆ ಎಂದು ಚಪ್ಪಾಳೆ ತಟ್ಟಿದರು. ಮರುದಿನ ಹತ್ತು ಹಕ್ಕಿ, ಅದರ ಮರುದಿನ ಎಷ್ಟೆಂದು ಎಣಿಸುವವರಿಲ್ಲ. ಹಾರುತ್ತಿದ್ದವು ಹಾರುತ್ತಿದ್ದಂತೆಯೇ ಬಿದ್ದವು. ಮೆಟ್ಟಿಲಿಗೆ ಬಂದು ಬಡಿಯುವ ಅಲೆಯೊಂದಿಗೆ ಬಿಳಿ ರೆಕ್ಕೆಗಳೂ ಬಂದು ಬಡಿಯತೊಡಗಿದವು.

ನಾನು ಆ ವಾರದ ಭಾನುವಾರ ಅಲ್ಲಿದ್ದೆ. ಊರಿಂದ ಬಂದಿದ್ದ ಮೈದುನನ ಸಂಸಾರಕ್ಕೆ ಗಂಗೆ ತೋರಿಸಬೇಕಿತ್ತು. ದೋಣಿಯವರೆಲ್ಲ ಮೆಟ್ಟಿಲ ಮೇಲೆ ಗುಂಪಾಗಿದ್ದರು. ಹಕ್ಕಿ ಸತ್ತರೆ ಯಾತ್ರಿಕರು ದೋಣಿ ಹತ್ತುವುದಿಲ್ಲ, ಅವರ ಹೊಟ್ಟೆಯ ಸಂಕಟ ಅವರಿಗೆ. ಯಾರ ಮೇಲಾದರೂ ಹಾಕಬೇಕಿತ್ತು, ಕಣ್ಣೆದುರಿಗೆ ಕೂತವಳು ಕಾಶಮ್ಮ. ಹಳಸಿದ ಎಣ್ಣೆಯ ಸೇವು ಮಾರಿ ಹಕ್ಕಿ ಕೊಂದಳು ಎಂದರು. ಕಾಶಮ್ಮ ಬುಟ್ಟಿಗೆ ಕೈ ಹಾಕಿ ಒಂದು ಹಿಡಿ ಸೇವು ತನ್ನ ಬಾಯಿಗೇ ತುಂಬಿಕೊಂಡಳು. ಅಗಿಯುತ್ತಲೇ ತನ್ನ ಮುರುಕು ಹಿಂದಿಯಲ್ಲಿ ಕೂಗಿದಳು. "ನೋಡ್ರಿ, ನಾ ತಿಂದೆ! ನಾ ಸತ್ತೆನೇನು?"

ಅಷ್ಟರಲ್ಲಿ ದಾನಯ್ಯನವರು ಮೆಟ್ಟಿಲಿಳಿದು ಬಂದರು. ಕಾಶಮ್ಮನ ಮುಖದಲ್ಲಿ ಜೀವ ಬಂತು. ದೋಣಿಯವರ ಹಿರಿಯನೊಬ್ಬ ಕೈಮುಗಿದು ಕೇಳಿದ.

"ಮಹಾರಾಜ್, ದಿನಾ ಇವಳ ಹತ್ತಿರವೇ ಕೊಳ್ಳುವವರು ನೀವು. ನೀವು ಹೇಳಿದ್ದೇ ಕೊನೆ. ಹಕ್ಕಿ ಸತ್ತದ್ದು ಇವಳ ಸೇವಿನಿಂದ ಹೌದೋ ಅಲ್ಲವೋ?"

ದಾನಯ್ಯನವರು ಬಾಯಿ ತೆರೆದರು, ಮುಚ್ಚಿದರು. ಕಾಶಮ್ಮನನ್ನು ನೋಡಲಿಲ್ಲ. ತಿರುಗಿ ನೀರನ್ನು ನೋಡುತ್ತ ನಿಂತರು. ನಾನು ಹತ್ತು ಮೆಟ್ಟಿಲು ಮೇಲಿದ್ದೆ. ಯಾಕೆ ಮಾತಾಡುತ್ತಿಲ್ಲ ಈ ಮನುಷ್ಯ ಎಂದು ನನಗೆ ರೇಗಿತು. ನಾನಾದರೂ ಕೂಗಬಹುದಿತ್ತು. ಟಿಕೆಟ್ ಕಿಟಕಿಯಲ್ಲಿ ಪೊಲೀಸರಿಗೂ ಬಗ್ಗದ ನನ್ನ ಬಾಯಿ ಅವತ್ತು ಪರಸ್ಥಳ, ಮೈದುನನ ಮಕ್ಕಳು ಇದ್ದಾರೆ ಎಂದು ನೆಪ ಹುಡುಕಿತು.

ಹಿರಿಯರ ಮೌನ ಎಂದರೆ ಒಪ್ಪಿಗೆ ಎಂದೇ ಅರ್ಥ. ಇಬ್ಬರು ಬುಟ್ಟಿ ಎತ್ತಿ ಗಂಗೆಗೆ ಸುರಿದರು. ಸೇವು ನೀರಿನ ಮೇಲೆ ಹಳದಿಯಾಗಿ ಹರಡಿತು, ಒಂದು ಹಕ್ಕಿಯೂ ಬರಲಿಲ್ಲ. ಕಾಶಮ್ಮ ಅಳಲಿಲ್ಲ. ತಾಡಪಾಲು ಮಡಿಚಿ ಕಂಕುಳಲ್ಲಿಟ್ಟುಕೊಂಡು ಮೇಲೆ ಹತ್ತಿ ನನ್ನ ಪಕ್ಕದಿಂದಲೇ ಹೋದಳು. ಬಾಯಲ್ಲಿ ಇನ್ನೂ ಸೇವು ಇತ್ತು.

ದಾನಯ್ಯನವರು ಅವತ್ತು ನೀರಿನಲ್ಲಿ ಏನು ನೋಡುತ್ತಿದ್ದರು ಎಂಬುದು ನನಗೆ ತಿಳಿದದ್ದು ಆಮೇಲೆ. ಅದಕ್ಕೆ ಎರಡು ಗಂಟೆ ಮುಂಚೆ ಅವರು ಸ್ನಾನಕ್ಕೆ ಇಳಿದಿದ್ದರು. ಮೊಳಕಾಲಿಗೆ ಏನೋ ಮೆತ್ತಗೆ ತಾಕಿತು. ನೋಡಿದರೆ ಕಾವಿ ಬಟ್ಟೆಯ ಗಂಟು. ಸುತಳಿ ಕಲ್ಲಿನಿಂದ ಜಾರಿ, ಹೆಣ ಉಬ್ಬಿ ಮೇಲೆದ್ದಿತ್ತು. ಬಟ್ಟೆ ಬಿಚ್ಚಿದ ಕಡೆ ಬಾತಿನ ಎದೆ ಹರಿದಿತ್ತು. ಆಚೆ ಇನ್ನೊಂದು ಗಂಟಿನ ಮೇಲೆ ಮೂರು ಬಿಳಿ ಹಕ್ಕಿಗಳು ಕೂತು ಕುಕ್ಕುತ್ತಿದ್ದವು. ಅವರು ಕೈ ಬೀಸಿ, ಕೂಗಿ ಓಡಿಸಲು ನೋಡಿದರು. ಹಕ್ಕಿಗಳು ಅವರ ದನಿ ಗುರುತು ಹಿಡಿದು, ಸೇವು ಸಿಗುತ್ತದೆಂದು ಅವರ ಹತ್ತಿರಕ್ಕೇ ಬಂದವು.

"ನಂಗ ಅಲ್ಲೇ ತಿಳೀತು ತಂಗಿ. ಶಾಸ್ತ್ರ ಓದಿದ್ದಲ್ಲ, ಡಾಕ್ಟರಿಕಿ ಓದಿದ್ದಲ್ಲ. ಆದ್ರೂ ತಿಳೀತು."

"ತಿಳಿದ ಮ್ಯಾಲ ಯಾಕ್ರೀ ಸುಮ್ನ ನಿಂತ್ರಿ?" ಎಂದೆ ನಾನು.

"ಹೆದರಿದೆ" ಅಂದರು.

ಸತ್ತ ಹಕ್ಕಿಗಳನ್ನು ಪಶು ಇಲಾಖೆಯವರು ಒಯ್ದು ಪರೀಕ್ಷೆ ಮಾಡಿಸಿದರು. ಹತ್ತು ದಿನದ ಮೇಲೆ ಡಾಕ್ಟರು ಘಾಟಿಗೆ ಬಂದು ಎಲ್ಲರನ್ನೂ ಸೇರಿಸಿ ಹೇಳಿದರು. ಇದಕ್ಕೆ ಕೋಳಿ ಕಾಲರಾ ಎನ್ನುತ್ತಾರೆ, ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾದಿಂದ ಬರುತ್ತದೆ. ಕೋಳಿ, ಬಾತು, ನೀರುಹಕ್ಕಿ ಎಲ್ಲಕ್ಕೂ ಒಂದರಿಂದ ಒಂದಕ್ಕೆ ಹಬ್ಬುತ್ತದೆ. ಸತ್ತ ಹಕ್ಕಿಯನ್ನು ನೀರಿಗೆ ಹಾಕಿದರೆ ನೀರೇ ವಿಷವಾಗುತ್ತದೆ, ಅದನ್ನು ಕುಕ್ಕಿದ ಹಕ್ಕಿಯೂ ಸಾಯುತ್ತದೆ. ಆದ್ದರಿಂದ ಸುಡಬೇಕು, ಇಲ್ಲವೇ ಆಳವಾಗಿ ಹೂತು ಸುಣ್ಣ ಹಾಕಬೇಕು. ಸೇವಿಗೂ ಇದಕ್ಕೂ ಸಂಬಂಧವಿಲ್ಲ. ದೋಣಿಯವರು ತಲೆಯಾಡಿಸಿದರು. ಡಾಕ್ಟರು ಹೋದ ಮೇಲೆ, ಸೇವು ತಿಂದು ಹೊಟ್ಟೆ ಕೆಟ್ಟ ಮೇಲೆಯೇ ರೋಗ ಹತ್ತಿದ್ದು ಎಂದು ತೀರ್ಮಾನ ಮಾಡಿಕೊಂಡರು. ಬುಟ್ಟಿ ಚೆಲ್ಲಿದ ಕೈಗಳಿಗೆ ಅಷ್ಟು ಸಮಾಧಾನವಾದರೂ ಬೇಕಲ್ಲ.

ಆ ಹತ್ತು ದಿನದಲ್ಲಿ ದಾನಯ್ಯನವರು ಅರ್ಧ ಆಗಿದ್ದರು. ಗಂಗೆಗೆ ಇಳಿಯುವುದು ಬಿಟ್ಟು ನಲ್ಲಿಯ ಕೆಳಗೆ ಸ್ನಾನ. ಅಲ್ಲೂ ಮೊಳಕಾಲಿಗೆ ಏನೋ ತಾಕಿದಂತಾಗಿ ಬೆಚ್ಚಿ ಹಿಂದೆ ಸರಿಯುತ್ತಿದ್ದರಂತೆ. ಮಠದ ಮಾಳಿಗೆಯ ಮೇಲೆ ಹಗ್ಗದ ತುಂಬ ಕಾವಿ ಬಟ್ಟೆ ಒಣಗುತ್ತದೆ. ಗಾಳಿ ಬಂದರೆ ಪಟಪಟ ಎನ್ನುತ್ತದೆ. ನಡು ಮಧ್ಯಾಹ್ನ, ಪಂಕ್ತಿಯಲ್ಲಿ ಅಷ್ಟು ಜನ ಉಣ್ಣುತ್ತಿರುವಾಗ, ಆ ಸದ್ದಿಗೆ ಇವರು ಎಲೆ ಬಿಟ್ಟು ಎದ್ದರು. ನಾನೇ ಕಣ್ಣಾರೆ ನೋಡಿದೆ. ಬಟ್ಟೆಯ ಮಡಿಕೆಯೊಳಗೆ ಏನೋ ಒದ್ದಾಡುತ್ತಿದೆ, ಬಿಚ್ಚಿ ನೋಡ್ರಿ, ಇನ್ನೂ ಜೀವ ಅದ ಎಂದು ಮಾಳಿಗೆಗೆ ಓಡಿ ಒಂದೊಂದೇ ಪಂಚೆಯನ್ನು ಕೆಳಗೆಳೆದು ಹರವಿದರು. ಅವತ್ತೇ ಅವರು ತಮ್ಮ ಮೈಮೇಲಿನ ಕಾವಿಯನ್ನೂ ಬಿಚ್ಚಿಟ್ಟದ್ದು. ಅವತ್ತೇ ಅಂಗಳದಲ್ಲಿ ಕೂತು ನನಗೆ ಎಲ್ಲ ಹೇಳಿದ್ದು.

"ನನಗ ಹೇಳಿದ್ರ ಏನ್ ಬಂತ್ರೀ ಅಯ್ನೋರ? ಘಾಟಿನ್ಯಾಗ ಹೇಳ್ರಿ. ಆಕಿ ಹೆಸರು ಕೆಟ್ಟದ್ದು ಅಲ್ಲಿ" ಎಂದೆ. ಸಿಟ್ಟು ಬಂದಿತ್ತು, ಮುಚ್ಚಿಡಲಿಲ್ಲ.

ಹೇಳಿದರು. ಅದನ್ನು ಒಪ್ಪಲೇಬೇಕು. ಮರುದಿನ ಬೆಳಿಗ್ಗೆ ಅದೇ ಮೆಟ್ಟಿಲ ಮೇಲೆ ನಿಂತು, ಬಾತುಗಳನ್ನು ನೀರಿಗೆ ಬಿಟ್ಟವನು ನಾನು, ಹಕ್ಕಿಗಳನ್ನು ಕೊಂದವನು ನಾನು, ಕಾಶಮ್ಮನ ತಪ್ಪಿಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ನಾನು ಪಕ್ಕದಲ್ಲಿದ್ದೆ. ಬೈಯುತ್ತಾರೆ, ಹೊಡೆದರೂ ಹೊಡೆದಾರು ಎಂದುಕೊಂಡಿದ್ದೆ.

ದೋಣಿಯವರ ಹಿರಿಯ ಬಂದು ಅವರ ಕಾಲಿಗೆ ಬಿದ್ದ.

"ಎಂಥ ಮಾತು ಮಹಾರಾಜ್! ಗಂಗಾ ಮಾತೆಯ ಮಡಿಲಿಗೆ ಹಾಕಿದ್ದು ಪಾಪ ಹೇಗಾಗುತ್ತದೆ? ಮಂತ್ರ ಹೇಳಿ ಬಿಟ್ಟಿದ್ದೀರಿ, ಅವಕ್ಕೆ ಮುಕ್ತಿ ಸಿಕ್ಕಿತು. ಆ ಸೇವುವಾಲಿಯನ್ನು ಉಳಿಸಲು ನೀವು ತಪ್ಪು ಹೊತ್ತುಕೊಳ್ಳುತ್ತಿದ್ದೀರಿ. ನಿಮ್ಮಂಥವರು ಇರುವುದಕ್ಕೇ ಈ ಘಾಟು ಉಳಿದಿದೆ."

ಇನ್ನೂ ನಾಲ್ಕು ಜನ ಬಂದು ಕಾಲು ಮುಟ್ಟಿದರು. ಹಿಂದಿನ ಸಾಲಿನಲ್ಲಿ ಕೈಲಾಸನಿದ್ದ, ಅವನೂ ಮುಟ್ಟಿದ. ದಾನಯ್ಯನವರು ಕಾಲು ಎಳೆದುಕೊಳ್ಳುತ್ತ, "ಇಲ್ಲ, ಖರೇನ ನಾನು" ಎಂದು ಹಿಂದಿ ಮರೆತು ಕನ್ನಡದಲ್ಲೇ ಬಡಬಡಿಸಿದರು. ಅದು ಯಾವುದೋ ಮಂತ್ರವೆಂದು ಒಬ್ಬಳು ಮುದುಕಿ ಕೈಮುಗಿದಳು. ದಾನಯ್ಯನವರು ಪಶು ಡಾಕ್ಟರ ಹತ್ತಿರವೂ ಹೋಗಿ ಹೇಳಿದರು. ಅವರು ಬರೆದುಕೊಂಡು, ಕೈಲಾಸನ ಮನೆಗೆ ಹೋಗಿ ಆಗಬೇಕಾದ ಕೆಲಸ ಮಾಡಿ, ತಿಳಿಸಿದ್ದಕ್ಕೆ ಇವರಿಗೆ ಥ್ಯಾಂಕ್ಸ್ ಹೇಳಿ ಕಳಿಸಿದರು. ಮಠದಲ್ಲಿ ಹೇಳಿದರೆ ಶಿವಮೂರ್ತಯ್ಯನವರು, "ಮಂದಿ ತಪ್ಪು ತನ್ನ ತಲಿ ಮ್ಯಾಲ ಹಾಕ್ಕೊಳ್ಳೋದು ದೊಡ್ಡವರ ಗುಣ" ಎಂದು ಕಣ್ಣೊರೆಸಿಕೊಂಡರು. ಹೇಳಿದಷ್ಟೂ ಇವರ ಮರ್ಯಾದೆ ಏರಿತು. ಕಾಶಮ್ಮನದು ಇದ್ದಲ್ಲೇ ಇತ್ತು. ಅವರು ಎದುರಿಗೆ ಬಂದರೆ ಜನ ಹಾದಿ ಬಿಡತೊಡಗಿದರು. ಆ ಬಿಟ್ಟ ಹಾದಿಯಲ್ಲಿ ಅವರು ಗೋಡೆ ಹಿಡಿದುಕೊಂಡು ನಡೆಯುತ್ತಿದ್ದರು.

ಕಾಶಮ್ಮ ಸಾರನಾಥದಲ್ಲಿ ಒಂದು ಯಾತ್ರಿ ನಿವಾಸದ ಅಡುಗೆಮನೆಯಲ್ಲಿದ್ದಾಳೆ ಎಂದು ಪತ್ತೆ ಹಚ್ಚಿದವಳು ನಾನೇ. ಫೆಬ್ರುವರಿಯ ಒಂದು ಮಧ್ಯಾಹ್ನ ಆಟೋದಲ್ಲಿ ಹೋದೆವು. ದಾರಿಯಲ್ಲಿ ದಾನಯ್ಯನವರು ರಸ್ತೆಯ ಪಕ್ಕ ಯಾರದೋ ಕೋಳಿಗಳು ಕೆದರುವುದನ್ನು ಕಂಡು ಮುಖ ಆಚೆ ತಿರುಗಿಸಿದರು.

ಅವಳು ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ನಮ್ಮನ್ನು ಕಂಡು ಎದ್ದು, ಕೈಯ ಬೂದಿ ಸೆರಗಿಗೆ ಒರೆಸಿಕೊಂಡಳು. ಬರ್ರಿ ಅಂದಳು. ಅವರ ಕಾಲು ಮುಟ್ಟಲಿಲ್ಲ. ದಾನಯ್ಯನವರು ನಿಂತಲ್ಲೇ ಎಲ್ಲ ಹೇಳಿದರು. ಬಾತು, ಕಾವಿ, ಕಲ್ಲು, ಬೆಳಿಗ್ಗೆ ಮೊಳಕಾಲಿಗೆ ತಾಕಿದ್ದು, ಒಂದನ್ನೂ ಬಿಡಲಿಲ್ಲ. ಎಲ್ಲರೂ ಕಾಲಿಗೆ ಬೀಳುತ್ತಾರೆ, ಒಬ್ಬರೂ ಬೈಯಲಿಲ್ಲ ಎಂದೂ ಹೇಳಿದರು.

ಕಾಶಮ್ಮ ಪೂರ್ತಿ ಕೇಳಿದಳು.

"ಅದಕ್ಕ ನನ್ನ ಕಡಿ ಬಂದೀರಿ, ನಾನರೆ ಬೈತೀನಿ ಅಂತ?" ಅಂದಳು. "ನಾ ಬೈಯಂಗಿಲ್ರಿ ಅಯ್ನೋರ. ಹಕ್ಕಿ ಸತ್ತಿದ್ದು ತಿಳೀಲಾರದ ಆದ ತಪ್ಪು. ನಾನಿದ್ರೂ ನೀವು ಹೇಳಿದ್ರ ಅದೇ ಮಾಡ್ತಿದ್ದೆ. ಆದ್ರ ಅವತ್ತ ನಿಮಗ ಕೇಳಿದ್ರಲ್ಲ, ಹೌದೋ ಅಲ್ಲೋ ಅಂತ. ಅಲ್ಲ ಅಂದಿದ್ರ ಸಾಕಿತ್ತು. ಖರೆ ಹೇಳೂದೂ ಬ್ಯಾಡಾಗಿತ್ತು. ಬರೇ ಅಲ್ಲ ಅನ್ನೂದಿತ್ತು."

ದಾನಯ್ಯನವರು ಮೊಳಕಾಲೂರಿದರು. ಐವತ್ತು ದಾಟಿದ ಆ ಜಂಗಮ, ಆ ಒದ್ದೆ ಹಿತ್ತಲಿನಲ್ಲಿ, ತಿಕ್ಕದ ಪಾತ್ರೆಗಳ ನಡುವೆ, ಅವಳ ಕಾಲಿಗೆ ಕೈ ಚಾಚಿದರು. ಕಾಶಮ್ಮ ಬೆಂಕಿ ತಾಕಿದವಳಂತೆ ಹಿಂದಕ್ಕೆ ಜಿಗಿದಳು. ಅಡುಗೆಮನೆಯ ಬಾಗಿಲಿಗೆ ಆಗಲೇ ಇಬ್ಬರು ಕೆಲಸದವರು ಬಂದು ನಿಂತು ಈ ಕಡೆ ನೋಡುತ್ತಿದ್ದರು.

"ಬ್ಯಾಡ್ರಿ, ನಿಮ್ಮ ಕಾಲಿಗಿ ಬೀಳ್ತೀನಿ, ಏಳ್ರಿ" ಅಂದಳು. "ಮಂದಿ ನೋಡಾಕತ್ಯಾರ. ಅಯ್ನೋರು ಈಕಿ ಕಾಲು ಮುಟ್ಟಿದ್ರು ಅಂದ್ರ, ಅದೂ ನನ್ನ ತಪ್ಪೇ ಆಗ್ತದ. ಇಲ್ಲಿಂದ ನಾ ಎಲ್ಲಿಗಿ ಹೋಗ್ಲಿ?"